ದೂರದ ಬೆಂಕಿಬೆಟ್ಟ, ನಮ್ಮ ಗದ್ದೆಯ ಮಳೆ

ಇನ್ನು ಕೆಲವೇ ವಾರಗಳಲ್ಲಿ ರೋಹಿಣಿ ಮಳೆ ಬರಬೇಕು. ಆಮೇಲೆ ಮೃಗಶಿರೆ, ಆಮೇಲೆ ಆರಿದ್ರೆ. ಮಳೆ ಎರಡು ದಿನ ತಡವಾದರೆ ನಾವು ಅಂಗಳಕ್ಕೆ ಬಂದು ಪಡುವಣ ಕಡಲಿನ ಕಡೆ ಕಣ್ಣು ಹಾಯಿಸುತ್ತೇವೆ. ಮೋಡ ಕಟ್ಟಿತೋ ಇಲ್ಲವೋ ಎಂದು ನೋಡುತ್ತೇವೆ. ಆ ಮೋಡವನ್ನು ಐದು ಸಾವಿರ ಕಿಲೋಮೀಟರು ಆಚೆಗಿನ ಒಂದು ಬೆಟ್ಟ ಕೆಡಿಸಬಲ್ಲದು ಎಂದರೆ ನೀವು ನಂಬುವಿರಾ? ಇಂದಿನ ಮಾತು ಅದೇ. ಎಲ್ಲಿಯೋ ಒಂದು ದೊಡ್ಡ ಜ್ವಾಲಾಮುಖಿ ಸಿಡಿದರೆ ಜಗತ್ತಿಗೆ ಏನಾಗುವದು, ಕಾಳಿ ನದಿಯ ದಂಡೆಯ ನಮ್ಮ ಗದ್ದೆಗೆ ಏನಾಗುವದು, ಅದಕ್ಕೆ ನಾವೇನು ಮಾಡಬಹುದು, ಇಷ್ಟನ್ನು ವಿಚಾರಿಸೋಣ.

ಮೊದಲು ಹೆದರಿಕೆ ಬಿಡಿಸಿಬಿಡುತ್ತೇನೆ. ಕಾರವಾರ ಅಂಕೋಲೆಗಳಲ್ಲಿ ಜ್ವಾಲಾಮುಖಿ ಇಲ್ಲ, ನಮ್ಮ ಗುಡ್ಡಗಳು ಸಿಡಿಯುವವಲ್ಲ. ಕನ್ನಡ ನಾಡಿನಲ್ಲಿ ಬೆಂಕಿ ಉಕ್ಕಿದ್ದು ಬಹಳ ಹಳೆಯ ಮಾತು. ಮಲ್ಪೆಯ ಎದುರಿಗೆ ಕಡಲಲ್ಲಿರುವ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಎಂಟೂವರೆ ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿ ಆರಿದ ಲಾವಾರಸ. ವಿಜಯಪುರ, ಕಲಬುರ್ಗಿಗಳ ಎರೆಭೂಮಿಯ ಕೆಳಗಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಇಂದು ಭಾರತದಲ್ಲಿ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನದ ಬ್ಯಾರನ್ ದ್ವೀಪದ್ದೊಂದೇ. ಆದ್ದರಿಂದ ನಮ್ಮ ಮಟ್ಟಿಗೆ ಭಯ ಬೆಂಕಿಯದಲ್ಲ. ಆಕಾಶದ್ದು, ಮಳೆಯದ್ದು, ಪೇಟೆಯ ಧಾರಣೆಯದ್ದು.

ಹಾಗಾದರೆ ನಡೆದ ಸಂಗತಿಯನ್ನೇ ಹೇಳುತ್ತೇನೆ. ಇಂಡೊನೇಶಿಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಬೆಟ್ಟವಿದೆ. 1815ನೆಯ ಇಸವಿ ಎಪ್ರಿಲ್ 10ರಂದು ಅದು ಸಿಡಿಯಿತು. ನಾಲ್ಕು ಸಾವಿರ ಮೀಟರಿಗೂ ಎತ್ತರವಿದ್ದ ಬೆಟ್ಟದ ತಲೆಯೇ ಹಾರಿಹೋಗಿ ಮೂರು ಸಾವಿರ ಮೀಟರಿಗೂ ಕಡಿಮೆ ಉಳಿಯಿತು. ಆ ದ್ವೀಪದಲ್ಲಿಯೂ ನೆರೆಯ ದ್ವೀಪದಲ್ಲಿಯೂ ಹತ್ತಾರು ಸಾವಿರ ಜನ ಸತ್ತರು. ಬೆಂಕಿಗೆ ಸಿಕ್ಕವರಿಗಿಂತ ಹೆಚ್ಚು ಜನ, ಬೂದಿ ಬಿದ್ದು ಬೆಳೆ ಹಾಳಾಗಿ ಹಸಿವಿನಿಂದಲೂ ರೋಗದಿಂದಲೂ ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ ನೋಡ್ರಿ. ಮರುವರ್ಷ, ಅಂದರೆ 1816ರಲ್ಲಿ, ಯುರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿಯಲ್ಲಿ ಮಳೆ ಬಿಡದೆ ಸುರಿದು ಗೋಧಿ ಗದ್ದೆಯಲ್ಲೇ ಕೊಳೆಯಿತು. ಅಮೆರಿಕೆಯ ಈಶಾನ್ಯ ಭಾಗದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಚೀನದ ಯುನ್ನಾನ್ ಪ್ರಾಂತದಲ್ಲಿ ಚಳಿಯಿಂದ ಭತ್ತ ಜೊಳ್ಳಾಗಿ ಬರಗಾಲ ಬಂತು. ನಮ್ಮ ದೇಶದಲ್ಲಿಯೂ ಮುಂಗಾರು ತನ್ನ ವೇಳೆ ತಪ್ಪಿತು. ಬೆಟ್ಟ ಒಂದು, ಪೆಟ್ಟು ನಾಲ್ಕೂ ದಿಕ್ಕಿಗೆ.

ಇದು ಹೇಗೆ ಸಾಧ್ಯವೆಂದು ನೀವು ಕೇಳಬಹುದು. ಬೂದಿ ಹಾರಿ ಸೂರ್ಯನನ್ನು ಮುಚ್ಚಿತೆಂದು ಜನ ತಿಳಿಯುತ್ತಾರೆ. ಅದು ಪೂರ್ತಿ ನಿಜವಲ್ಲ. ಬೂದಿ ಭಾರವಾದದ್ದು, ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಕೆಳಗಿಳಿಯುತ್ತದೆ. ನಿಜವಾದ ಕೆಲಸ ಗಂಧಕದ ಹೊಗೆಯದು. ದೊಡ್ಡ ಸಿಡಿತದಲ್ಲಿ ಈ ಹೊಗೆ ಮಳೆಯ ಮೋಡಗಳನ್ನು ದಾಟಿ, ಇಪ್ಪತ್ತು ಮೂವತ್ತು ಕಿಲೋಮೀಟರು ಮೇಲಕ್ಕೆ ಹೋಗುತ್ತದೆ. ಅಲ್ಲಿ ನೀರಾವಿ ಕೂಡಿ ಗಂಧಕಾಮ್ಲದ ಅತಿ ಸಣ್ಣ ಹನಿಗಳಾಗುತ್ತವೆ. ಕೆಳಗಿನ ಹೊಗೆಯಾದರೆ ಒಂದು ಮಳೆಗೆ ತೊಳೆದು ಹೋದೀತು. ಅಷ್ಟು ಮೇಲೆ ಮಳೆಯೇ ಇಲ್ಲವಲ್ಲ! ಹಾಗಾಗಿ ಆ ಹನಿಗಳು ಒಂದರಿಂದ ಮೂರು ವರ್ಷ ನಿಂತು, ಗಾಳಿಯ ಜೊತೆ ಭೂಮಿಯನ್ನೆಲ್ಲ ಸುತ್ತುತ್ತವೆ. ಚಪ್ಪರದ ಮೇಲೆ ತೆಳ್ಳಗೆ ಅಡಿಕೆ ಸೋಗೆ ಹರಡಿದಂತೆ, ಬಿಸಿಲು ಪೂರ್ತಿ ನಿಲ್ಲುವದಿಲ್ಲ, ಕಾವು ಮಾತ್ರ ಕಡಿಮೆಯಾಗುವದು.

"ಸೆಕೆ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ?" ಎಂದು ಹಿಂದೆ ಕೂತವರು ಯಾರೋ ನಗುತ್ತಿರಬಹುದು. ಸ್ವಲ್ಪ ತಾಳಿರಿ. ಮುಂಗಾರು ಮಳೆಯನ್ನು ಕರೆತರುವದು ಆ ಸೆಕೆಯೇ. ಕಾರವಾರದ ದಂಡೆಯಲ್ಲಿ ಮಧ್ಯಾಹ್ನ ಕಡಲ ಗಾಳಿ ಏಳುವದನ್ನು ನೀವು ದಿನವೂ ಕಾಣುತ್ತೀರಿ. ನೆಲ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಆ ತೆರವಿಗೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಇದನ್ನೇ ಇಡೀ ದೇಶದ ಅಳತೆಗೆ ಹಿಗ್ಗಿಸಿರಿ, ಅದು ಮುಂಗಾರು. ಚೈತ್ರ ವೈಶಾಖದಲ್ಲಿ ಭರತಖಂಡದ ನೆಲ ಕಾದರೆ ಅರಬ್ಬೀ ಕಡಲಿನ ತೇವದ ಗಾಳಿ ಎಳೆದು ಬರುತ್ತದೆ. ಸಹ್ಯಾದ್ರಿಗೆ ತಾಗಿ ಮೇಲೇರಿ ಮಳೆ ಸುರಿಸುತ್ತದೆ. ಬಿಸಿಲಿನ ಕಾವು ಕಡಿಮೆಯಾದಾಗ ಕಡಲಿಗಿಂತ ನೆಲ ಬೇಗ ತಣ್ಣಗಾಗುತ್ತದೆ. ಎಳೆಯುವ ಶಕ್ತಿ ಕುಗ್ಗುತ್ತದೆ. ಮಳೆಯೂ ಕುಗ್ಗುತ್ತದೆ.

ಇದು ಬರೀ ಊಹೆಯಲ್ಲ. 1991ರ ಜೂನ್ 15ರಂದು ಫಿಲಿಪೈನ್ಸಿನ ಪಿನಟೂಬೊ ಸಿಡಿಯಿತು. ಅದು ತಂಬೋರಾಕ್ಕಿಂತ ಬಹಳ ಚಿಕ್ಕದು. ಆದರೂ ಒಂದೂವರೆ ಕೋಟಿ ಟನ್ನಿನಷ್ಟು ಗಂಧಕದ ಅನಿಲ ಮೇಲಕ್ಕೇರಿ, ಮರುವರ್ಷ ಇಡೀ ಭೂಮಿ ಸರಾಸರಿ ಅರ್ಧ ಡಿಗ್ರಿ ತಣ್ಣಗಾದದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. 1883ರಲ್ಲಿ ಕ್ರಕಟೋವಾ ಸಿಡಿದಾಗ ಮದರಾಸಿನಲ್ಲಿ ಜನ ಸೂರ್ಯನನ್ನು ಹಸಿರು ಬಣ್ಣದಲ್ಲಿ ಕಂಡರು. ಈಚಿನ ಮಾತೆಂದರೆ, 2025ರ ನವೆಂಬರದಲ್ಲಿ ಇಥಿಯೋಪಿಯಾದ ಒಂದು ಜ್ವಾಲಾಮುಖಿಯ ಬೂದಿ ಅರಬ್ಬೀ ಕಡಲನ್ನು ದಾಟಿ ಗುಜರಾತ, ದಿಲ್ಲಿಗಳ ಮೇಲೆ ಹಾಯ್ದು ವಿಮಾನಗಳನ್ನು ನಿಲ್ಲಿಸಿತು. ಆಕಾಶಕ್ಕೆ ಗಡಿಗಲ್ಲು ಇಲ್ಲ.

ಈಗ ತಂಬೋರಾದಂಥದೇ ಇನ್ನೊಂದು ಇಂದು ಸಿಡಿಯಿತೆಂದು ಇಟ್ಟುಕೊಳ್ಳಿ. ಗ್ರೀನ್‌ಲೆಂಡ್ ಮತ್ತು ದಕ್ಷಿಣ ಧ್ರುವದ ಹಳೆಯ ಹಿಮದ ಪದರಗಳಲ್ಲಿ ಗಂಧಕದ ಗುರುತು ಹಿಡಿದು ಲೆಕ್ಕ ಹಾಕಿದವರು, ಅಂಥ ಸಿಡಿತ ಸಾವಿರ ವರ್ಷಕ್ಕೆ ಒಂದೆರಡು ಸಲ ಆಗುವದೆಂದು ಹೇಳುತ್ತಾರೆ. ನಾಳೆಯೇ ಆದೀತೆಂದಲ್ಲ, ಆಗಲಾರದೆಂದೂ ಅಲ್ಲ.

ಆಗ ನಮಗೇನು? ನಮ್ಮ ಕರಾವಳಿಯಲ್ಲಿ ಒಂದು ಡಿಗ್ರಿ ತಂಪಾದರೆ ಭತ್ತ ಸಾಯದು. ಪೆಟ್ಟು ಬೀಳುವದು ನೀರಿನ ಮೇಲೆ. ಮಳೆ ತಡವಾದರೆ ಸಸಿಮಡಿ ಒಣಗುತ್ತದೆ, ಹಾಕಿದ ಬೀಜ ಹೋಗುತ್ತದೆ. ಗಜನಿ ಗದ್ದೆಯವರಿಗೆ ಇನ್ನೂ ಕಷ್ಟ. ಬೇಸಗೆಯಲ್ಲಿ ಒಳನುಗ್ಗಿದ ಉಪ್ಪನ್ನು ತೊಳೆಯುವದು ಮುಂಗಾರಿನ ಸಿಹಿನೀರು. ಆ ನೀರು ಸಾಲದಿದ್ದರೆ ಉಪ್ಪು ಗದ್ದೆಯಲ್ಲೇ ನಿಲ್ಲುತ್ತದೆ. ಉಪ್ಪು ತಾಳುವ ಕಗ್ಗ ಭತ್ತಕ್ಕೂ ಮೊಳಕೆಯ ಕಾಲಕ್ಕೆ ಸಿಹಿನೀರು ಬೇಕೇ ಬೇಕು. ಸೂಪಾ ಅಣೆಕಟ್ಟು ತುಂಬದಿದ್ದರೆ ಕಾಳಿಯ ವಿದ್ಯುತ್ತಿಗೂ ಕೊರತೆ.

ಎರಡನೆಯ ಪೆಟ್ಟು ಪೇಟೆಯಿಂದ. ಹಲವು ದೇಶಗಳಲ್ಲಿ ಒಂದೇ ವರ್ಷ ಬೆಳೆ ತಪ್ಪಿದರೆ ಎಷ್ಟೋ ದೇಶಗಳು ತಮ್ಮ ಧಾನ್ಯವನ್ನು ಹೊರಗೆ ಬಿಡುವದಿಲ್ಲ. 2023ರ ಜುಲೈದಲ್ಲಿ ನಮ್ಮ ದೇಶವೇ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, ಜಗತ್ತಿನ ಅಕ್ಕಿಯ ಧಾರಣೆ ಏರಿತು. ಮಳೆಯ ಒಂದು ಅನುಮಾನಕ್ಕೆ ಅಷ್ಟಾದರೆ, ನಾಲ್ಕು ಖಂಡಗಳಲ್ಲಿ ಬೆಳೆ ಹೋದರೆ ಎಷ್ಟಾದೀತು? ನಾವು ಕರಿಯಲು ಬಳಸುವ ತಾಳೆ ಎಣ್ಣೆ ಇಂಡೊನೇಶಿಯಾ, ಮಲೇಶಿಯಾಗಳಿಂದ ಬರುವದು. ಗದ್ದೆಗೆ ಹಾಕುವ ಪೊಟ್ಯಾಶ್ ಗೊಬ್ಬರವೂ ಹೊರದೇಶದ್ದೇ.

ಆದರೆ ಮನುಷ್ಯ ಇದಕ್ಕಿಂತ ದೊಡ್ಡದನ್ನೂ ತಾಳಿಕೊಂಡಿದ್ದಾನೆ. ಸುಮಾರು 74 ಸಾವಿರ ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿಯಿತು. ಅದರ ಮುಂದೆ ತಂಬೋರಾ ಒಂದು ಒಲೆ. ಕಾರವಾರದಿಂದ ನೇರ ಪೂರ್ವಕ್ಕೆ, ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ಆ ಬೂದಿ ಇಂದಿಗೂ ಆಳೆತ್ತರ ನಿಂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊಫೆಸರ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಅಲ್ಲಿ ಅಗೆದು, 2007ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಬೂದಿಯ ಕೆಳಗೂ ಕಲ್ಲಿನ ಹತಾರಗಳು, ಬೂದಿಯ ಮೇಲೂ ಅದೇ ಬಗೆಯ ಹತಾರಗಳು! ಅಂದರೆ ಆ ಸೀಮೆಯಲ್ಲಿ ಜನ ಉಳಿದು ಬಾಳಿದರು. ಅವರು ಒಂದೇ ಬೆಳೆಯನ್ನು ನಂಬಿದವರಲ್ಲ, ಗಡ್ಡೆ, ಹಣ್ಣು, ಬೇಟೆ ಹೀಗೆ ಹತ್ತು ಕಡೆಯಿಂದ ಹೊಟ್ಟೆ ಹೊರೆದವರು.

1816ರ ಹಸಿವಿನಿಂದ ಪಾಠ ಕಲಿತವರೂ ಉಂಟು. ಜರ್ಮನಿಯ ವುರ್ಟೆಂಬರ್ಗಿನ ಅರಸ 1818ರಲ್ಲಿ ಹೊಹೆನ್‌ಹೈಮಿನಲ್ಲಿ ಒಂದು ಒಕ್ಕಲುತನದ ಶಾಲೆ ತೆರೆದ. ಅದೀಗ ವಿಶ್ವವಿದ್ಯಾಲಯವಾಗಿದೆ. ಬರ ಬಂದ ಮೇಲೆ ಮಾಡಿದ ಕೆಲಸ ಅದು. ನಾವು ಬರುವ ಮೊದಲೇ ಮಾಡಬಹುದು. ಮೂರು ಮಾತು ನೆನಪಿಡಿ.

ಒಂದನೆಯದು, ಎರಡನೆಯ ಬಿತ್ತನೆಯ ಬೀಜ. ಎಕರೆಗೆ 25 ಕಿಲೊ ಬೀಜ ಹಾಕುವವರು ಇನ್ನೊಂದು 25 ಕಿಲೊ ಬೇರೆ ತೆಗೆದಿಡಿರಿ. ಮೊದಲ ಸಸಿಮಡಿ ಹೋದರೂ ಕೈ ಬರಿದಾಗುವದಿಲ್ಲ. ಹಲ್ಲಿಗೆ ಕಚ್ಚಿದರೆ ಕಟಕ್ಕೆನ್ನುವಂತೆ ಒಣಗಿಸಿ, ತೇವ ತಾಗದ ಡಬ್ಬಿಯಲ್ಲಿಡಿರಿ. ನಮ್ಮ ಕರಾವಳಿಯ ಹಸಿ ಗಾಳಿಯಲ್ಲಿ ಭತ್ತದ ಬೀಜ ಬಹುಕಾಲ ಬಾಳದು. ಆದ್ದರಿಂದ ವರ್ಷವರ್ಷ ಹೊಸದನ್ನು ಇಟ್ಟು ಹಳೆಯದನ್ನು ಉಣ್ಣಿರಿ. ಇಟ್ಟದ್ದರಲ್ಲಿ ಸ್ವಲ್ಪ ಅಲ್ಪಾವಧಿಯ ತಳಿಯದೂ ಇರಲಿ.

ಎರಡನೆಯದು, ಹಿತ್ತಲು. ಗೆಣಸು, ಕೆಸು, ಸುವರ್ಣಗಡ್ಡೆ ಬರಗಾಲದ ಅನ್ನ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ತರಕಾರಿ ಹಿತ್ತಲನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಕ್ಕಿಯೊಂದನ್ನೇ ನಂಬಿದ ಮನೆಗಿಂತ ನಾಲ್ಕು ಬಗೆ ಉಣ್ಣುವ ಮನೆ ಗಟ್ಟಿ.

ಮೂರನೆಯದು, ನೀರು ಮತ್ತು ಮೇವು. ಗುಡ್ಡದ ಬುಡದ ಕೆರೆ, ಹಳ್ಳದ ಕಟ್ಟ, ಗಜನಿಯ ಏರಿ, ಇವುಗಳ ದುರಸ್ತಿ ಒಬ್ಬರಿಂದಾಗದು, ಊರು ಕೂಡಬೇಕು. ಹುಲ್ಲಿನ ಬಣವೆಯಲ್ಲಿ ಒಂದಷ್ಟು ಮುಂದಿನ ವರ್ಷಕ್ಕೆಂದೇ ಉಳಿಯಲಿ.

ಈ ಮೂರೂ ಜ್ವಾಲಾಮುಖಿಗೆಂದೇ ಮಾಡುವ ಕೆಲಸವಲ್ಲ. ನಮ್ಮ ಜೀವಮಾನದಲ್ಲಿ ಅಂಥದು ಸಿಡಿಯದೆಯೂ ಇರಬಹುದು. ಮಳೆ ತಪ್ಪುವ ವರ್ಷಗಳು ಮಾತ್ರ ಬಂದೇ ಬರುತ್ತವೆ, ಆಗಲೂ ಇದೇ ಬೀಜ, ಇದೇ ಹಿತ್ತಲು, ಇದೇ ಕೆರೆ ನಮ್ಮನ್ನು ಕಾಯುವದು.

ಇಂದು ರಾತ್ರಿಯೇ ಒಂದು ಕೆಲಸ ಮಾಡಿರಿ. ಇಟ್ಟ ಬೀಜದಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿರಿ. ದಿನವೂ ನೀರು ಚಿಮುಕಿಸಿರಿ. ಒಂದು ವಾರದಲ್ಲಿ ಎಂಬತ್ತು ಮೊಳೆತರೆ ಬೀಜ ಒಳ್ಳೆಯದು. ಕಡಿಮೆ ಬಂದರೆ ಈಗಲೇ ಬೇರೆ ಬೀಜ ಹುಡುಕಿಕೊಳ್ಳಿರಿ. ರೋಹಿಣಿಗೆ ಇನ್ನೂ ವೇಳೆಯಿದೆ.