ಹೈದರಾಬಾದಿನ ಹಳೆಯ ಮನೆ: ಶೈಲಿ ಗುರುತಿಸುವುದು ಹೇಗೆ?

ಪ್ರಶ್ನೆ: ಹೈದರಾಬಾದಿನ ಹಳೆಯ ಮನೆಗಳು ಯಾವ ಶೈಲಿಯವು ಎಂದು ನೋಡಿದ ಕೂಡಲೇ ಹೇಳಬಹುದೇ?

ಉತ್ತರ: ಬಹುಮಟ್ಟಿಗೆ ಹೇಳಬಹುದು. ಆದರೆ ಕಮಾನು ಕಂಡ ಕೂಡಲೇ ‘ನಿಜಾಮರ ಕಾಲದ್ದು’ ಎನ್ನುವ ಆತುರ ಬೇಡ. 1591ರ ಚಾರ್‌ಮಿನಾರಿನಲ್ಲೂ ಕಮಾನಿದೆ, ಅದು ನಿಜಾಮರಿಗಿಂತ ಹಿಂದಿನ ಕುತುಬ್‌ಶಾಹಿಗಳದು.

ನವಾಬರ ದೇವಡಿಗಳು ಬೀದಿಗೆ ಬೆನ್ನು ಹಾಕಿದ ಮನೆಗಳು. ಹೊರಗೆ ಎತ್ತರದ ಗೋಡೆ, ದೊಡ್ಡ ಹೆಬ್ಬಾಗಿಲು. ಒಳಗೆ ಅಂಗಳ, ಅದರ ಸುತ್ತ ಕಂಬಸಾಲು, ಗಾರೆಯ ಹೂಬಳ್ಳಿ. ಹೆಂಗಸರ ಜನಾನಾ ಬೇರೆ.

ಮುಂಭಾಗದಲ್ಲಿ ಎತ್ತರದ ಕಂಬಗಳ ಮೇಲೆ ತ್ರಿಕೋನ ಮುಖಪಟ್ಟಿ, ಎಡಬಲ ಒಂದೇ ಅಳತೆ ಕಂಡರೆ ಯುರೋಪಿನ ಪಲ್ಲಾಡಿಯನ್ ಪ್ರಭಾವ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಕೋಠಿಯ ರೆಸಿಡೆನ್ಸಿ ಇದಕ್ಕೆ ಪಾಠಪುಸ್ತಕದಂಥ ಉದಾಹರಣೆ. ಅಮೆರಿಕದ ಶ್ವೇತಭವನವೂ ಇದೇ ಪರಂಪರೆಯದು. ಎರಡರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಗುಮ್ಮಟ, ಛತ್ರಿ, ಕಮಾನುಗಳೆಲ್ಲ ಆಧುನಿಕ ಕಚೇರಿಯ ಮೈಮೇಲೆ ಕೂತಿದ್ದರೆ ಅದು ಇಂಡೋ-ಸಾರ್ಸೆನಿಕ್. ವಿನ್ಸೆಂಟ್ ಎಶ್ ರೂಪಿಸಿದ ಹೈಕೋರ್ಟ್ ಹಾಗಿದೆ.

ನನಗೆ ಹೆಚ್ಚು ಪ್ರಿಯವಾದದ್ದು ಯಾರೂ ತಿರುಗಿ ನೋಡದ 1930–40ರ ದಶಕಗಳ ಆರ್ಟ್ ಡೆಕೋ ಮನೆಗಳು. ದುಂಡಾದ ಮೂಲೆ, ಅದನ್ನು ಬಳಸಿ ಸಾಗುವ ಸಜ್ಜೆ, ಗೋಡೆಯುದ್ದಕ್ಕೂ ಅಡ್ಡಪಟ್ಟಿ, ಹಡಗಿನಲ್ಲಿರುವಂಥ ಗುಂಡು ಕಿಟಕಿ. ಸಿಮೆಂಟ್ ಕಾಂಕ್ರೀಟ್ ಬಂದಿದ್ದರಿಂದಲೇ ಈ ತಿರುವುಗಳು ಸುಲಭವಾದವು. ಅಪಾರ್ಟ್‌ಮೆಂಟಿಗಾಗಿ ಮೊದಲು ಉರುಳುವವೂ ಇವೇ, ಆದ್ದರಿಂದ ನೋಡುವುದಾದರೆ ಬೇಗ ನೋಡಿ.