ಕಂಬಳದ ಓಟವೂ ತ್ರೈರಾಶಿಕವೂ

ಒಂದು ದೂರದ ಓಟಕ್ಕೆ ಹಿಡಿದ ಕಾಲವನ್ನು ಅಳೆದು, ಅದರಿಂದ ಮತ್ತೊಂದು ದೂರದ ಕಾಲವನ್ನು ಊಹಿಸುವುದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಕರಾವಳಿಯ ಕಂಬಳದ ಆಧಾರದಿಂದ ಇಲ್ಲಿ ವಿಚಾರಿಸಲಾಗುವುದು. ಅಳಿವೆಯ ದಡದ ಹಂಗಾರಕಟ್ಟೆಯಿಂದ ಒಳನಾಡಿಗೆ ಹೋದರೆ ವಂಡಾರು ಮೊದಲಾದೆಡೆಗಳಲ್ಲಿ ಸಂಪ್ರದಾಯದ ಕಂಬಳಗದ್ದೆಗಳುಂಟು. ಅಲ್ಲಿ ಗದ್ದೆಯ ಉದ್ದವೇ ಓಟದ ಉದ್ದ. ತೆಂಕಣ ಜೋಡುಕರೆಗಳ ಉದ್ದವೂ ಊರಿಂದೂರಿಗೆ ಬೇರೆ. ಆದುದರಿಂದ ಒಂದೆಡೆಯ ಓಟವನ್ನು ಮತ್ತೊಂದೆಡೆಯದರೊಡನೆ ತೂಗಬೇಕಾದಾಗ ಗಣಿತದ ಮೊರೆಹೋಗದೆ ಗತ್ಯಂತರವಿಲ್ಲ.

2020ನೆಯ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಇದರಿಂದ 100 ಮೀಟರಿಗೆ 9.55 ಸೆಕೆಂಡೆಂದು ಎಣಿಸಿ, ಉಸೇನ್ ಬೋಲ್ಟನು 2009ರಲ್ಲಿ ಬರ್ಲಿನಿನಲ್ಲಿ ಓಡಿದ 9.58 ಸೆಕೆಂಡುಗಳನ್ನು ಅದು ಮೀರಿತೆಂದು ಪತ್ರಿಕೆಗಳು ಸಾರಿದವು. ಇಲ್ಲಿ ನಡೆದ ಗಣಿತವು ನಮಗೆ ಹಳೆಯದೇ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ನಿರೂಪಿತವಾದ ತ್ರೈರಾಶಿಕವೇ ಇದು: 142.5 ಪ್ರಮಾಣ, 13.62 ಫಲ, 100 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 9.558 ಬರುವುದು.

ಲೆಕ್ಕದಲ್ಲಿ ದೋಷವಿಲ್ಲ, ದೋಷವಿರುವುದು ಲೆಕ್ಕದ ಆಧಾರದಲ್ಲಿ. ಧಾನ್ಯವು ಎರಡರಷ್ಟಾದರೆ ಬೆಲೆಯೂ ಎರಡರಷ್ಟಾಗುವಂತೆ ದೂರಕ್ಕೂ ಕಾಲಕ್ಕೂ ಸಮಪ್ರಮಾಣವಿದ್ದಲ್ಲಿ ಮಾತ್ರ ತ್ರೈರಾಶಿಕವು ಸಲ್ಲುವುದು. ಓಟವಾದರೋ ನಿಂತ ನಿಲುವಿನಿಂದ ಮೊದಲಾಗುತ್ತದೆ. ವೇಗವು ಕೂಡಿಬರುವವರೆಗೆ ಒಂದಿಷ್ಟು ಕಾಲ ನಷ್ಟವಾಗುವುದು. ಓಟ ಕಿರಿದಾಗಲಿ ಹಿರಿದಾಗಲಿ ಈ ಆರಂಭನಷ್ಟವು ಒಂದೇ.

ಬರ್ಲಿನಿನ ಓಟವೇ ಇದಕ್ಕೆ ನಿದರ್ಶನ. ಬೋಲ್ಟನು 20 ಮೀಟರನ್ನು 2.89, 60ನ್ನು 6.31, 80ನ್ನು 7.92 ಸೆಕೆಂಡುಗಳಲ್ಲಿ ದಾಟಿದನು. ಈ ಒಂದೊಂದರಿಂದ ತ್ರೈರಾಶಿಕ ಹಾಕಿ 100 ಮೀಟರಿನ ಕಾಲವನ್ನು ತೆಗೆದರೆ ಅನುಕ್ರಮವಾಗಿ 14.45, 10.52, 9.90 ದೊರೆಯುತ್ತವೆ, ನಿಜವಾದುದು 9.58. ಕಿರಿದರಿಂದ ಹಿರಿದನ್ನು ಊಹಿಸುವಾಗ ತ್ರೈರಾಶಿಕವು ಓಟಗಾರನಿಗೆ ಅನ್ಯಾಯಮಾಡುತ್ತದೆ. ಹಿರಿದರಿಂದ ಕಿರಿದಕ್ಕೆ ಇಳಿಯುವಾಗ ಅವನನ್ನು ಹೊಗಳುತ್ತದೆ. ಐಕಳದ ಎಣಿಕೆಯಲ್ಲಿ ಆದುದು ಈ ಎರಡನೆಯದು. ಆರಂಭನಷ್ಟವನ್ನು 1 ಸೆಕೆಂಡೆಂದು ಕಲ್ಪಿಸಿಕೊಂಡು, ಉಳಿದ 12.62ಕ್ಕೆ ಮಾತ್ರ ತ್ರೈರಾಶಿಕ ಹಾಕಿ ಆ ಸೆಕೆಂಡನ್ನು ಮತ್ತೆ ಕೂಡಿಸಿದರೆ 100 ಮೀಟರಿನ ಕಾಲ 9.86 ಆಗುವುದು.

ಮೋಟಾರು ಪಂದ್ಯದವರಿಗೂ ಈ ತೊಡಕುಂಟು. ಮೈಲಿಯ ಎಂಟನೆಯ ಒಂದು ಪಾಲಿನ ಕಾಲದಿಂದ ಕಾಲು ಮೈಲಿಯದನ್ನು ಊಹಿಸುವಾಗ ಅವರು 2ರಿಂದ ಗುಣಿಸುವುದಿಲ್ಲ, ಸುಮಾರು 1.55ರಿಂದ ಗುಣಿಸುತ್ತಾರೆ. ವೇಗವು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿದ್ದರೆ ಗುಣಕವು 2 ಆಗುತ್ತಿತ್ತು. ವೇಗವು ಒಂದೇ ಸಮನಾಗಿ ಹೆಚ್ಚುತ್ತಲೇ ಹೋದರೆ 2ರ ವರ್ಗಮೂಲವಾದ 1.41 ಆಗುತ್ತಿತ್ತು. ನಿಜಸ್ಥಿತಿ ಇವೆರಡರ ನಡುವಣದು.

ಹಾಗಾದರೆ ಉತ್ತಮವಾದ ಕ್ರಮ ಯಾವುದು? ಒಂದೇ ಓಟದಲ್ಲಿ ಎರಡೆಡೆ ಕಾಲವನ್ನು ಅಳೆದು, ಅವುಗಳ ಅಂತರದಿಂದ ಮುಂದಿನದನ್ನು ಊಹಿಸುವುದು. ಬೋಲ್ಟನ 60ಕ್ಕೂ 80ಕ್ಕೂ ನಡುವಣ ಅಂತರ 1.61, ಅದನ್ನು 7.92ಕ್ಕೆ ಸೇರಿಸಿದರೆ 9.53. ತ್ರೈರಾಶಿಕದ ತಪ್ಪು 0.32 ಇದ್ದುದು ಇಲ್ಲಿ 0.05ಕ್ಕೆ ಇಳಿಯಿತು. ಉಳಿದ ತಪ್ಪು ಕೊನೆಯಲ್ಲಿ ಬಂದ ದಣಿವಿನದು. ದೂರ ಬೆಳೆದಷ್ಟೂ ಇದು ಬೆಳೆಯುವುದರಿಂದ, ಅಳೆದ ಎಡೆಯಿಂದ ಬಹುದೂರ ಊಹಿಸಲಾಗದು.

ಇದರಿಂದ ಕಂಬಳದ ಕೀರ್ತಿಗೆ ಕುಂದೆಂದು ಭಾವಿಸಬೇಕಾಗಿಲ್ಲ. 2009ರಲ್ಲಿ ಮ್ಯಾಂಚೆಸ್ಟರಿನ ನೇರ ಹಾದಿಯಲ್ಲಿ ಬೋಲ್ಟನು 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದನು. ಅದರ ಕೊನೆಯ 100 ಮೀಟರು 8.70. ಆ ವೇಗದಲ್ಲಿ ಕಡೆಯ 7.5 ಮೀಟರಿಗೆ ಹಿಡಿಯುವ 0.65ನ್ನು ಕಳೆದರೆ 142.5 ಮೀಟರಿಗೆ 13.70 ಬರುತ್ತದೆ. ಓಡಿದ ದೂರದಲ್ಲಿಯೇ ಹೋಲಿಸಿದರೆ ಐಕಳದ 13.62 ಇದಕ್ಕೂ ಮುಂದು! ಆದರೆ ಕೆಸರುನೀರಿನ ತಡೆಯೂ ಕೋಣಗಳ ಸೆಳೆತವೂ ಕೂಡಿದ ಓಟ ಒಂದು; ಒಂಟಿ ಮನುಷ್ಯನ ಓಟ ಇನ್ನೊಂದು. ಈ ಭೇದವನ್ನು ಯಾವ ಗುಣಕವೂ ಅಳಿಸಲಾರದು.

ಕರೆಯ ಪಕ್ಕದಲ್ಲಿ 100 ಮೀಟರಿಗೊಂದು ಗುರುತನ್ನು ನೆಟ್ಟು ಅಲ್ಲಿಯೂ ಕಾಲವನ್ನು ಬರೆದಿಟ್ಟರೆ, ಉದ್ದ ಬೇರೆಯಾದ ಕರೆಗಳ ಓಟಗಳನ್ನು ಊಹೆಯ ಹಂಗಿಲ್ಲದೆ ತೂಗಬಹುದು.