ಕಡಲ ದಡದಿಂದ ಗಾಳ ಬೀಸುವವರಿಗೆ ಕೋಲಿನ ಆಯ್ಕೆ

ಗಾಳದ ಕೋಲೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಕೆರೆಯ ಏರಿಯ ಮೇಲೆ ಕುಳಿತ ಹುಡುಗನ ಕೈಯಲ್ಲಿರುವ ಬಿದಿರಿನ ಗಳು. ಗಳುವಿನ ತುದಿಗೊಂದು ದಾರ, ದಾರಕ್ಕೊಂದು ಕೊಕ್ಕೆ, ಕೊಕ್ಕೆಗೊಂದು ಎರೆಹುಳು. ಇಷ್ಟೇ ಅದರ ಪರಿಕರ. ಕೆರೆಗೆ ಅದು ಸಾಲುತ್ತದೆ, ಏಕೆಂದರೆ ಅಲ್ಲಿ ಮೀನು ದಡದಿಂದ ಎರಡು ಮಾರಿನೊಳಗೇ ಇರುವುದುಂಟು. ಕಡಲ ದಡದ ಸಂಗತಿ ಬೇರೆ. ಅಲ್ಲಿ ಗಾಳವು ಅಲೆಯೊಡೆಯುವ ನೊರೆಯನ್ನು ದಾಟಿ ಬೀಳಬೇಕು. ಬಿದ್ದಮೇಲೆ ಸೆಳೆತಕ್ಕೆ ಸಿಕ್ಕಿ ಮರಳಿ ಕಾಲಬುಡಕ್ಕೆ ಬಾರದೆ ನಿಲ್ಲಬೇಕು. ಆದಕಾರಣ ಅಲ್ಲಿನ ಕೋಲು ಮೊದಲು ಕವಣೆಯ ಕೆಲಸವನ್ನೂ ಅನಂತರ ಗಾಳದ ಕೋಲಿನ ಕೆಲಸವನ್ನೂ ಮಾಡತಕ್ಕದ್ದು. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದವನು ಹಣವನ್ನು ವ್ಯರ್ಥಮಾಡಲಾರನು.

ಹಳೆಯ ಮೈಸೂರು ಸೀಮೆಯವರಿಗೆ ಈ ವಿಷಯ ಸ್ವಲ್ಪ ಹೊಸದು. ೧೯೫೬ನೆಯ ನವೆಂಬರ್ ೧ರಂದು ದಕ್ಷಿಣ ಕನ್ನಡ ಉತ್ತರ ಕನ್ನಡಗಳು ಬಂದು ಸೇರುವವರೆಗೆ ಮೈಸೂರಿಗೆ ಕಡಲ ದಡವೇ ಇರಲಿಲ್ಲ. ನಮ್ಮವರ ಗಾಳದ ಕಥೆಗಳೆಲ್ಲ ಕಾವೇರಿ ಕಬಿನಿಗಳವು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಬಿನಿಯಲ್ಲಿ ೧೨೦ ಪೌಂಡು ತೂಕದ ಮಹಸೀರ್ ಮೀನನ್ನು ಹಿಡಿದುದು ಪ್ರಸಿದ್ಧವಾಗಿದೆ. ಆ ಜಾತಿಯ ಡುಬ್ಬದ ಮಹಸೀರ್ ಈಗ ತೀರ ವಿರಳವಾಗಿ, ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೊಳೆಯ ಅಭ್ಯಾಸವನ್ನು ಹಾಗೆಯೇ ಕಡಲಿಗೆ ಕೊಂಡೊಯ್ಯುವವರು ಸಾಮಾನ್ಯವಾಗಿ ಬಲು ದಪ್ಪನಾದ, ಬಗ್ಗದ ಕೋಲನ್ನು ಆರಿಸುತ್ತಾರೆ. ದೊಡ್ಡ ಮೀನಿಗೆ ದೊಡ್ಡ ಕೋಲೆಂಬುದು ಅವರ ಲೆಕ್ಕ. ಆದರೆ ಬಗ್ಗದ ಕೋಲು ಎಸೆಯಲಾರದು.

ಏಕೆಂಬುದನ್ನು ನೋಡೋಣ. ಎಸೆಯುವಾಗ ಕೋಲು ಒಂದು ಸನ್ನೆಯೂ ಹೌದು, ಒಂದು ಬಿಲ್ಲೂ ಹೌದು. ಕೆಳಗಿನ ಕೈ ಬುಡವನ್ನು ಎದೆಯ ಕಡೆಗೆ ಸೆಳೆಯುತ್ತದೆ, ಮೇಲಿನ ಕೈ ಮುಂದಕ್ಕೆ ನೂಕುತ್ತದೆ. ಕೈಗಳು ಒಂದೆರಡು ಅಡಿ ಚಲಿಸುವಷ್ಟರಲ್ಲಿ ತುದಿಯು ಹಲವು ಪಾಲು ದೂರವನ್ನು ಅಷ್ಟೇ ಕಾಲದಲ್ಲಿ ಕ್ರಮಿಸುತ್ತದೆ. ಇದು ಸನ್ನೆಯ ಗುಣ. ಜೊತೆಗೆ ತುದಿಯಲ್ಲಿ ತೂಗುವ ಸೀಸದ ಗುಂಡು ಹಿಂದುಳಿಯುವುದರಿಂದ ಕೋಲು ಬಾಗುತ್ತದೆ. ಬಾಗಿದ್ದು ನೆಟ್ಟಗಾಗುವಾಗ ತನ್ನಲ್ಲಿ ಕೂಡಿಟ್ಟ ಬಲವನ್ನು ಗುಂಡಿಗೆ ಒಪ್ಪಿಸುತ್ತದೆ. ಇದು ಬಿಲ್ಲಿನ ಗುಣ. ಗುಂಡು ಹಗುರವಾದರೆ ಕೋಲು ಬಾಗದು, ಬಿಲ್ಲಿನ ಬಲ ದೊರೆಯದು. ಗುಂಡು ಭಾರವಾದರೆ ಕೋಲು ಮಿತಿಮೀರಿ ಬಾಗಿ ತಡವಾಗಿ ನೆಟ್ಟಗಾಗುತ್ತದೆ. ಕೆಲವೊಮ್ಮೆ ಮುರಿದೇ ಹೋಗುತ್ತದೆ.

ಹೀಗಿರುವಲ್ಲಿ ಮಾರುವವನನ್ನು ಮೊದಲು ಕೇಳಬೇಕಾದುದು ಕೋಲಿನ ಉದ್ದವನ್ನಲ್ಲ, ಅದು ಎಷ್ಟು ತೂಕವನ್ನು ಎಸೆಯಬಲ್ಲುದೆಂಬುದನ್ನು. ಸಾಧಾರಣವಾಗಿ ಹಿಡಿಯ ಮೇಲ್ಭಾಗದಲ್ಲಿ ಇದು ಗ್ರಾಂಗಳಲ್ಲಿಯೋ ಔನ್ಸುಗಳಲ್ಲಿಯೋ ಬರೆದಿರುತ್ತದೆ. ಒಂದು ಔನ್ಸು ಎಂದರೆ ಸುಮಾರು ೨೮ ಗ್ರಾಂ. ೧೦೦ರಿಂದ ೨೦೦ ಎಂದು ಬರೆದಿದ್ದರೆ ಎರಡು ಅಂಚುಗಳನ್ನೂ ಬಿಟ್ಟು ನಡುವಣ ತೂಕವನ್ನು ಆ ಕೋಲಿನ ಸಹಜವಾದ ಹೊರೆಯೆಂದು ತಿಳಿಯುವುದು ಕ್ಷೇಮ. ಎರೆಯ ತೂಕವನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಒಂದು ದೊಡ್ಡ ಬೂತಾಯಿ ಮೀನನ್ನು ಕೊಕ್ಕೆಗೆ ಸಿಕ್ಕಿಸಿದರೆ ಗುಂಡಿನ ಜೊತೆಗೆ ಇನ್ನೊಂದು ಚಿಕ್ಕ ಗುಂಡನ್ನು ಕಟ್ಟಿದಂತೆಯೇ ಆಯಿತು.

ತೂಕವನ್ನು ನಿಶ್ಚಯಿಸತಕ್ಕವರು ನಾವಲ್ಲ, ನಾವು ನಿಲ್ಲುವ ಜಾಗ. ಕಾರವಾರದಿಂದ ಉಳ್ಳಾಲದವರೆಗೆ ೩೦೦ ಕಿಲೋಮೀಟರಿಗೂ ಹೆಚ್ಚು ಉದ್ದದ ನಮ್ಮ ದಡದಲ್ಲಿ ಮರಳಿನ ದಡವುಂಟು, ಮುರುಡೇಶ್ವರದಂತಹ ಬಂಡೆಯ ದಡವುಂಟು, ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಕಡಲಿಗೆ ಸೇರುವ ಅಳಿವೆಗಳುಂಟು. ಮರಳಿನ ದಡದಲ್ಲಿ ಅಲೆಯೊಡೆಯುವ ದಿಣ್ಣೆಗೂ ದಡಕ್ಕೂ ನಡುವೆ ಒಂದು ತಗ್ಗು ಹರಿದಿರುತ್ತದೆ. ಅಲೆಗಳು ಕೆದಕಿದ ಮರಳಿನಿಂದ ಹುಳು, ಸಿಗಡಿ, ಚಿಕ್ಕ ಏಡಿಗಳು ಹೊರಬಿದ್ದು ಈ ತಗ್ಗಿನಲ್ಲಿ ಸೇರುವುದರಿಂದ ಕಾಣೆ ಮೊದಲಾದ ಮೀನುಗಳು ಅಲ್ಲಿಗೇ ಮೇಯಲು ಬರುತ್ತವೆ. ಅದು ಎಷ್ಟೋ ಕಡೆ ದಡದಿಂದ ೩೦ ಮೀಟರಿನೊಳಗೇ ಇರುತ್ತದೆ. ನೂರು ಮೀಟರು ಎಸೆಯಬಲ್ಲೆನೆಂದು ಹೆಮ್ಮೆಪಡುವವನ ಗಾಳ ಮೀನಿನ ತಲೆಯ ಮೇಲೆ ಹಾರಿ ಆಚೆ ಬೀಳುವುದನ್ನು ಕಂಡರೆ ನಗು ಬರುತ್ತದೆ. ಇಂತಹ ಕಡೆಗೆ ೨೦ರಿಂದ ೬೦ ಗ್ರಾಂ ಎಸೆಯುವ ೯ ಅಥವಾ ೧೦ ಅಡಿಯ ಹಗುರವಾದ ಕೋಲೇ ಮೇಲು. ಅಳಿವೆಯ ಬಾಯಲ್ಲಾದರೋ ಇಳಿತದ ಕಾಲದ ನೀರು ರಭಸವಾಗಿ ಹೊರಹೊರಡುವುದರಿಂದ ಹಗುರವಾದ ಗುಂಡು ನಿಲ್ಲದು. ಅಲ್ಲಿ ೧೦೦ರಿಂದ ೧೫೦ ಗ್ರಾಂ ಗುಂಡೂ ಅದಕ್ಕೆ ತಕ್ಕ ೧೨ ಅಥವಾ ೧೩ ಅಡಿಯ ಕೋಲೂ ಬೇಕು. ಬಂಡೆಯ ಮೇಲೆ ನಿಲ್ಲುವವನಿಗೆ ಬುಡ ಗಟ್ಟಿಯಾಗಿರುವುದು ಮುಖ್ಯ, ಏಕೆಂದರೆ ಕಚ್ಚಿದ ಮೀನು ಕಲ್ಲಿನ ಸಂದಿಗೆ ನುಗ್ಗುವ ಮೊದಲೇ ಅದನ್ನು ತಡೆಯಬೇಕು.

ಉದ್ದದ ವಿಷಯದಲ್ಲಿ ಒಂದು ಮಾತು. ಕೋಲು ಉದ್ದವಾದಷ್ಟೂ ತುದಿಯ ವೇಗ ಹೆಚ್ಚುವುದು ನಿಜ, ದಾರವು ಒಡೆಯುವ ಅಲೆಯ ಮೇಲಕ್ಕೆ ನಿಲ್ಲುವುದೂ ನಿಜ. ಆದರೆ ಎಸೆಯುವಾಗ ನಮಗೆ ನೆರವಾದ ಅದೇ ಸನ್ನೆ ಮೀನು ಸಿಕ್ಕಿದ ಮೇಲೆ ಮೀನಿಗೆ ನೆರವಾಗುತ್ತದೆ. ತುದಿಯನ್ನು ಹಿಡಿದೆಳೆಯುವುದು ಆಗ ಅದು. ಐದಡಿಯ ಆಳು ೧೪ ಅಡಿಯ ಕೋಲನ್ನು ಬೇಗ ತಿರುಗಿಸಲಾರದೆ ೧೨ ಅಡಿಯದಕ್ಕಿಂತಲೂ ಹತ್ತಿರಕ್ಕೆ ಎಸೆಯುವುದು ಅಪರೂಪವಲ್ಲ. ಕೈಗೆ ಹೊಂದುವುದೋ ಇಲ್ಲವೋ ಎಂಬುದನ್ನು ಹೀಗೆ ನೋಡಬಹುದು: ಕೋಲಿನ ಬುಡವನ್ನು ಕಂಕುಳಿಗೆ ಸೇರಿಸಿ ಕೈಯನ್ನು ಕೋಲಿನುದ್ದಕ್ಕೆ ಚಾಚಿರಿ. ರೀಲನ್ನು ಕೂರಿಸುವ ಸ್ಥಾನ ಅಂಗೈಗೆ ಸುಲಭವಾಗಿ ಸಿಕ್ಕಿದರೆ ಹಿಡಿ ನಿಮ್ಮ ಅಳತೆಯದು. ಬೆರಳ ತುದಿಗೂ ಸಿಕ್ಕದಿದ್ದರೆ ಬೇರೊಬ್ಬನದು.

ಇನ್ನು ಬಾಗುವ ಬಗೆ. ಕೆಲವು ಕೋಲುಗಳು ತುದಿಯ ಕಾಲುಭಾಗದಲ್ಲಿ ಮಾತ್ರ ಬಾಗುತ್ತವೆ, ಕೆಲವು ನಡುವಿನವರೆಗೆ, ಕೆಲವು ಬುಡದವರೆಗೂ. ತುದಿ ಬಾಗುವ ಕೋಲು ಚುರುಕು; ಆದರೆ ಎಸೆಯುವ ಗಳಿಗೆ ತಪ್ಪಿದರೆ ಅದು ಕ್ಷಮಿಸದು. ಹೊಸಬರಿಗೆ ನಡುವಿನವರೆಗೆ ಬಾಗುವುದೇ ಒಳ್ಳೆಯದು. ಅದು ಮೆತ್ತನೆಯ ಎರೆಯನ್ನು ಕೊಕ್ಕೆಯಿಂದ ಕಿತ್ತೊಗೆಯುವುದಿಲ್ಲ, ಕೈಯ ಒರಟುತನವನ್ನೂ ತಾಳಿಕೊಳ್ಳುತ್ತದೆ.

ಕೋಲನ್ನು ಯಾವುದರಿಂದ ಮಾಡಿದೆಯೆಂಬುದಕ್ಕೆ ಒಂದು ಚಿಕ್ಕ ಚರಿತ್ರೆಯುಂಟು. ಇಡೀ ಬಿದಿರಿನ ಕೋಲಿನ ತರುವಾಯ ಬಿದಿರನ್ನು ಸೀಳಿ, ತ್ರಿಕೋನಾಕಾರವಾಗಿ ಹೆರೆದ ಆರು ಸೀಳುಗಳನ್ನು ಅಂಟಿಸಿದ ಕೋಲುಗಳು ಬಂದವು. ಅವಕ್ಕೆ ದಕ್ಷಿಣ ಚೀನದ ಒಂದು ಬಗೆಯ ಬಿದಿರು ಶ್ರೇಷ್ಠವೆನಿಸಿತ್ತು. ೧೯೪೦ರ ದಶಕದ ಕೊನೆಗೆ ಗಾಜಿನ ನಾರಿನ ಕೋಲುಗಳೂ ೧೯೭೦ರ ದಶಕದಲ್ಲಿ ಕಾರ್ಬನ್ ನಾರಿನ ಕೋಲುಗಳೂ ಬಂದವು. ಗಾಜಿನ ನಾರು ಭಾರ, ನಿಧಾನ. ಆದರೆ ಕಲ್ಲಿಗೆ ತಗುಲಿದರೂ ತಾಳುತ್ತದೆ, ಬೆಲೆಯೂ ಕಡಿಮೆ. ಕಾರ್ಬನ್ ಹಗುರ, ಚುರುಕು. ಮೇಲೊಂದು ಗಾಯವಾದರೆ ಮುಂದೊಂದು ದಿನ ಅದೇ ಜಾಗದಲ್ಲಿ ಸಿಡಿದು ಮುರಿಯುತ್ತದೆ. ಎರಡನ್ನೂ ಬೆರೆಸಿದ ಕೋಲುಗಳೂ ಉಂಟು, ಒಂದೇ ಕೋಲನ್ನು ಕೊಳ್ಳತಕ್ಕವನಿಗೆ ನಾನು ಅವನ್ನೇ ಹೇಳುವೆನು. ಒಂದನ್ನು ಮಾತ್ರ ಮರೆಯಬಾರದು: ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುತ್ತದೆ. ದಡದ ತೆಂಗಿನ ತೋಟಗಳ ನಡುವೆ ವಿದ್ಯುತ್ ತಂತಿಗಳು ತಗ್ಗಾಗಿ ಹಾದಿರುವ ಕಡೆ ಜೋಡಿಸಿದ ಕೋಲನ್ನು ನೆಟ್ಟಗೆ ಹೊತ್ತು ನಡೆಯುವುದು ಪ್ರಾಣಾಪಾಯ. ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ಬಯಲಿನಿಂದ ಸರಿಯತಕ್ಕದ್ದು.

ರೀಲಿಗೂ ಉಂಗುರಗಳಿಗೂ ಹೊಂದಿಕೆ ಇರಬೇಕು. ೧೯೦೫ರಲ್ಲಿ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಎಂಬವರು ಸ್ವಾಮ್ಯಪತ್ರ ಪಡೆದ ಬಗೆಯ ರೀಲಿನಲ್ಲಿ ಉರುಳೆ ತಿರುಗದು. ದಾರವು ಸುರುಳಿಸುರುಳಿಯಾಗಿ ಅದರ ಅಂಚಿನಿಂದ ಕಳಚಿಕೊಳ್ಳುತ್ತದೆ. ಆ ಸುರುಳಿಗಳನ್ನು ಹಿಡಿದು ಕಿರಿದಾಗಿಸಲು ಬುಡದ ಉಂಗುರ ದೊಡ್ಡದಾಗಿರಬೇಕು. ಉರುಳೆಯೇ ತಿರುಗುವ ರೀಲಿಗೆ ಉಂಗುರಗಳು ಚಿಕ್ಕವೂ ಸಂಖ್ಯೆಯಲ್ಲಿ ಹೆಚ್ಚಾದವೂ ಆಗಿರಬೇಕು. ಇದನ್ನು ಅದಲುಬದಲು ಮಾಡಿದರೆ ಎಷ್ಟು ಬೆಲೆಯ ಕೋಲಾದರೂ ದೂರ ಎಸೆಯದು. ಕಲಿಯುವವರಿಗೆ ಮೊದಲನೆಯದು ಸುಲಭ. ಎರಡನೆಯದರಲ್ಲಿ ಹೆಬ್ಬೆರಳಿನ ಹಿಡಿತ ತಪ್ಪಿದರೆ ದಾರವೆಲ್ಲ ಹಕ್ಕಿಯ ಗೂಡಾಗುತ್ತದೆ.

ಕೋಲಿಗಿಂತಲೂ ಹೆಚ್ಚು ಎಚ್ಚರ ಬೇಕಾದ ವಿಷಯ ಇನ್ನೊಂದಿದೆ. ಬಲವಾದ ಕೋಲಿಗೆ ತೆಳುವಾದ ದಾರವನ್ನು ಹಾಕಿ ಬೀಸಿದಾಗ ದಾರ ತುಂಡಾದರೆ ಸೀಸದ ಗುಂಡು ಬಂದೂಕಿನ ಗುಂಡಿನಂತೆ ಹಾರುತ್ತದೆ. ನಮ್ಮ ದಡಗಳಲ್ಲಿ ಸಂಜೆಯ ಹೊತ್ತು ಮಕ್ಕಳಿರುತ್ತಾರೆ, ಬಲೆ ಎಳೆಯುವವರಿರುತ್ತಾರೆ. ಇದಕ್ಕಾಗಿ ದಾರದ ತುದಿಗೆ ದಪ್ಪನಾದ ಮುಂದಾರವೊಂದನ್ನು ಗಂಟುಹಾಕುವ ಪದ್ಧತಿಯಿದೆ. ಗುಂಡಿನ ಒಂದೊಂದು ಔನ್ಸಿಗೆ ೧೦ ಪೌಂಡಿನ ಬಲ ಎಂಬುದು ಅದರ ಲೆಕ್ಕ. ೫ ಔನ್ಸಿನ, ಎಂದರೆ ಸುಮಾರು ೧೪೦ ಗ್ರಾಂನ ಗುಂಡಿಗೆ ೫೦ ಪೌಂಡನ್ನು ತಾಳುವ ಮುಂದಾರ. ಅದು ಕೋಲಿನ ಎರಡರಷ್ಟು ಉದ್ದವಿದ್ದು, ಮೇಲೆ ರೀಲಿಗೆ ಐದಾರು ಸುತ್ತು ಬರುವಷ್ಟಿರಬೇಕು. ಎಸೆಯುವ ಮುನ್ನ ಹಿಂದೆ ತಿರುಗಿ ನೋಡುವುದಂತೂ ಹೇಳದೆಯೇ ತಿಳಿಯತಕ್ಕದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲಿನಲ್ಲಿ ಬಂಡೆಯ ತುದಿಗೆ ಹೋಗಿ ನಿಲ್ಲುವವರಿಗೆ ಯಾವ ಕೋಲನ್ನೂ ಸೂಚಿಸಲು ನನಗೆ ಮನಸ್ಸಿಲ್ಲ.

ಅಂಗಡಿಯಲ್ಲಿ ಕೋಲನ್ನು ತುಂಡುತುಂಡಾಗಿ ನೋಡದೆ ಪೂರ್ಣವಾಗಿ ಜೋಡಿಸಿ ನೋಡಬೇಕು. ಬುಡದಿಂದ ಒಂದು ಕಣ್ಣುಮುಚ್ಚಿ ದಿಟ್ಟಿಸಿದರೆ ಉಂಗುರಗಳು ಒಂದೇ ಸಾಲಿನಲ್ಲಿ ಕಾಣಬೇಕು. ಜೋಡಣೆಯ ಕಡೆ ಅಲುಗಾಡಕೂಡದು, ಕಿಟಕಿಟ ಸದ್ದು ಕೇಳಬಾರದು. ಉಂಗುರಗಳ ಒಳಗೆ ಒಂದು ಚೂರು ಹತ್ತಿಯನ್ನು ಎಳೆದು ನೋಡಿರಿ. ಎಲ್ಲಾದರೂ ನಾರು ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ, ಆ ಸೀಳು ದಾರವನ್ನು ಕೊಯ್ಯುತ್ತದೆ. ತುದಿಯನ್ನು ಕೈಯಲ್ಲಿ ಹಿಡಿದು ಬಳೆಯಂತೆ ಬಗ್ಗಿಸಿ ತೋರಿಸುವ ವ್ಯಾಪಾರಿಯನ್ನು ತಡೆಯಿರಿ. ತೆಳುವಾದ ತುದಿಯನ್ನೇ ಹಿಡಿದು ಬಗ್ಗಿಸಿದರೆ ಒಳ್ಳೆಯ ಕೋಲೂ ಮುರಿಯುತ್ತದೆ. ದಾರವನ್ನು ಉಂಗುರಗಳಲ್ಲಿ ಪೋಣಿಸಿ, ಅದಕ್ಕೆ ಗುಂಡನ್ನು ಕಟ್ಟಿ ಎತ್ತಿ ನೋಡುವುದು ಸರಿಯಾದ ಪರೀಕ್ಷೆ. ಬಸ್ಸಿನಲ್ಲಿ ಪ್ರಯಾಣ ಮಾಡುವವರಿಗೆ ೧೨ ಅಡಿಯ ಕೋಲು ಎರಡು ತುಂಡಾಗಿದ್ದರೆ ಆರಾರು ಅಡಿಯಾಗಿ ತೊಡಕು. ಮೂರು ತುಂಡಿನದು ನಾಲ್ಕು ನಾಲ್ಕು ಅಡಿಯಾಗಿ ಸೀಟಿನ ಪಕ್ಕದಲ್ಲಿ ನಿಲ್ಲುತ್ತದೆ.

ಮನೆಗೆ ಬಂದಮೇಲೆ ಕೋಲನ್ನು ಸಿಹಿನೀರಿನಲ್ಲಿ ತೊಳೆದು, ಉಂಗುರಗಳ ಬುಡವನ್ನೂ ರೀಲಿನ ಸ್ಥಾನದ ತಿರುಪನ್ನೂ ಹಳೆಯ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಲು ಬಿಟ್ಟು, ಪೂರ್ತಿ ಒಣಗಿದ ತರುವಾಯವೇ ಚೀಲಕ್ಕೆ ಹಾಕಬೇಕು. ಉಪ್ಪುನೀರು ಒಂದೇ ರಾತ್ರಿಯಲ್ಲಿ ತಿರುಪನ್ನು ಕಚ್ಚಿ ಹಿಡಿಯಬಲ್ಲುದು.